ವಿಭೀಷಣನ ಪಾಲು

೧೨ ಸೆಪ್ಟೆಂಬರ್ ೧೯೬೦, ಸೋಮವಾರ

ನಿನ್ನೆ ತಿಕೋಟಾದ ಹಾಡಿಕೆಯಲ್ಲಿ ಗೆದ್ದೆವು. ಗೆದ್ದೆವು ಎಂದು ಬರೆದು ಎರಡು ಸಲ ಓದಿಕೊಂಡೆ. ಗೆದ್ದದ್ದು ಅಣ್ಣ ಮಲಕಾಜಪ್ಪನಂತೆ, ಊರೆಲ್ಲ ಹಾಗೇ ಹೇಳುತ್ತಿದೆ. ಜರಿ ರುಮಾಲು ಸುತ್ತಿದ್ದು ಅವನ ತಲೆಗೆ. ಅರಿಸಿನದ ಭಂಡಾರ ಹಚ್ಚಿದ್ದು ಅವನ ಹಣೆಗೆ. ನಮ್ಮೂರು ಘೋಣಸಗಿಗೆ ಹೊರಟ ಚಕ್ಕಡಿಯಲ್ಲಿ ಮುಂದೆ ಕೂತವನೂ ಅವನೇ. ನಾನು ಹಿಂದೆ ಡೊಳ್ಳುಗಳ ಪಕ್ಕ ಕಾಲು ಇಳಿಬಿಟ್ಟು ಕೂತಿದ್ದೆ. ಡೊಳ್ಳನ್ನಾದರೂ ನಾಲ್ಕು ಮಂದಿ ಮುಟ್ಟಿ ನಮಸ್ಕಾರ ಮಾಡಿದರು.

ನಮ್ಮ ಡೊಳ್ಳಿನ ಪದಕ್ಕೆ ಒಂದು ಪದ್ಧತಿ ಇದೆ. ಕಡೆಯ ನುಡಿಯಲ್ಲಿ ಮೊದಲು ಊರ ಹೆಸರು ಬರಬೇಕು. ಆಮೇಲೆ ದೇವರದು, ಗುರುವಿನದು, ಡೊಳ್ಳು ಬಾರಿಸಿದವರದು, ಹಾಡಿದವನದು. ಎಲ್ಲರದೂ ಆದ ಮೇಲೆ ಕಟ್ಟಕಡೆಯ ಸಾಲಿನಲ್ಲಿ ಕವಿಯದು. ಹತ್ತು ವರ್ಷದಿಂದ ಅಣ್ಣ ಹಾಡುವ ಒಂದೊಂದು ಪದವೂ ನಾನು ಬರೆದದ್ದು. ಅವನಿಗೆ ಅಕ್ಷರ ಬಾರದು. ನಾನು ಓದಿ ಹೇಳುತ್ತೇನೆ, ಅವನು ಕೇಳಿ ಕಲಿಯುತ್ತಾನೆ. "ಕವಿ ಶಂಕರೆಪ್ಪನ ಮಾತು ಮುತ್ತಿನ ಹಾರ" ಎಂದು ಅವನು ದನಿ ಏರಿಸಿ ಮುಗಿಸಿದಾಗ ಜನ ಒಮ್ಮೆ ತಿರುಗಿ ನನ್ನ ಕಡೆ ನೋಡುತ್ತಾರೆ. ವರ್ಷಕ್ಕೆ ನಾಲ್ಕಾರು ಸಲ ನನಗೆ ಸಿಗುವುದು ಅಷ್ಟೇ. ನಿನ್ನೆ ಅವನು ತನ್ನ ಹೆಸರು ಹಾಡಿ ಅಲ್ಲಿಗೇ ನಿಲ್ಲಿಸಿದ. ಡೊಳ್ಳಿನವರಿಗೆ ಕೈ ಮಾಡಿದ, ಅವರು ಗಡಗಡ ಬಾರಿಸಿ ಮುಗಿಸಿಬಿಟ್ಟರು. ತಿರುಗಿ ನೋಡುವವರಿಗಾಗಿ ನಾನು ಮೀಸೆ ಒರೆಸಿಕೊಂಡು ಸಿದ್ಧನಾಗಿ ಕೂತಿದ್ದೆ.

ಹೆಂಡತಿ ಸಕ್ರವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿ, ಹೆಸರು ಹಾಡದಿದ್ದರೆ ಶಾಲೆಯ ಹಾಜರಿಯಲ್ಲೇನಾದರೂ ಹೆಸರು ಹೋಯಿತೇ ಎಂದಳು. ಇವಳಿಗೆ ಎಲ್ಲವೂ ತಮಾಷೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಇಬ್ರಾಹಿಂಪುರದ ಈ ಬಾಡಿಗೆ ಮನೆಯ ಹಿಂದೆ ಈಗಷ್ಟೇ ಸೊಲ್ಲಾಪುರದ ರೈಲು ಹೋಯಿತು. ಗೋಡೆ ನಡುಗಿತು, ನಾನೂ ನಡುಗುತ್ತಿದ್ದೇನೆ, ಸಿಟ್ಟಿಗೆ.

೧೮ ಸೆಪ್ಟೆಂಬರ್, ರವಿವಾರ

ತಡೆಯಲಾರದೆ ಘೋಣಸಗಿಗೆ ಹೋಗಿ ಬಂದೆ. ಅಣ್ಣ ಹಟ್ಟಿಯ ಮುಂದೆ ಕುರಿ ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಕಡೆಯ ಸಾಲು ಯಾಕೆ ಬಿಟ್ಟೆ ಎಂದು ನೇರ ಕೇಳಿದೆ. ಮರೆತೆ ಎಂದ. ಹತ್ತು ವರ್ಷ ಮರೆಯದ್ದು ಈಗ ಹೇಗೆ ಮರೆಯಿತು ಎಂದೆ. ಜನ ಎದ್ದು ನಿಂತಿತ್ತು, ಸಾಕೆನಿಸಿತು ಎಂದ. ಒಂದು ಮಾತಿಗೆ ಎರಡು ಕಾರಣ ಕೊಡುವವನನ್ನು ನಾನು ಶಾಲೆಯಲ್ಲಿ ದಿನಾ ನೋಡುತ್ತೇನೆ. ಆಮೇಲೆ ಕತ್ತರಿ ಕೆಳಗಿಟ್ಟು, ಕುರಿಯ ಬೆನ್ನಿನ ಮೇಲೆ ಕೈಯೂರಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಬಹಳ ಹೊತ್ತು ಸುಮ್ಮನೆ ಕೂತ. ರುಮಾಲು ತಲೆಗೆ ಏರಿದರೆ ಸೊಕ್ಕು ಹೇಗಿರುತ್ತದೆ ನೋಡಿ.

ನಾನೂ ಬಿಡಲಿಲ್ಲ. ನನ್ನ ಪದ ಇಲ್ಲದಿದ್ದರೆ ನಿನ್ನ ದನಿ ಕುರಿ ಕರೆಯುವುದಕ್ಕೆ ಸರಿ ಎಂದುಬಿಟ್ಟೆ. ಅವನು ಆಗ ತಲೆ ಎತ್ತಿದ.

"ಪದಾ ಬರಿಯವ್ರು ಊರಿಗಿ ಹತ್ತ ಮಂದಿ ಸಿಗತಾರ ಮಾಸ್ತರಾ. ಹಾಡವ್ರನ್ನ ಹುಡಿಕ್ಯಾಡು ನೋಡೂನು."

ತಮ್ಮಾ ಎನ್ನಲಿಲ್ಲ, ಮಾಸ್ತರಾ ಎಂದ. ಅತ್ತಿಗೆ ಬೋರವ್ವ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಅಣ್ಣ ದಿಟ್ಟಿಸಿದ, ಅವಳು ಬಾಯಿ ಮುಚ್ಚಿದಳು. ಮಜ್ಜಿಗೆ ಕುಡಿಯದೆ ಎದ್ದೆ. ತಿಕೋಟಾ ತನಕ ನಡೆದು ಬಸ್ಸು ಹಿಡಿದೆ. ಇನ್ನು ಅವನಿಗೆ ಒಂದಕ್ಷರ ಬರೆದುಕೊಡುವುದಿಲ್ಲ.

೨ ಅಕ್ಟೋಬರ್, ರವಿವಾರ

ಬಜಾರಿನಲ್ಲಿ ಬಬಲೇಶ್ವರದ ಗೈಬುಸಾಬ ಸಿಕ್ಕ. ವೀಳ್ಯದೆಲೆ ವ್ಯಾಪಾರಿ, ಆದರೆ ಸುತ್ತಿನ ಹಾಡಿಕೆಗಳಿಗೆಲ್ಲ ಪಂಚನಾಗಿ ಅವನನ್ನೇ ಕರೆಯುತ್ತಾರೆ. ಕಿವಿ ಅಷ್ಟು ಚುರುಕು. ಬರುವ ಛಟ್ಟಿ ಅಮಾವಾಸ್ಯೆ ಕಳೆದ ಮೇಲಿನ ರವಿವಾರ ಬಬಲೇಶ್ವರದಲ್ಲಿ ಜಿದ್ದಿನ ಹಾಡಿಕೆ ಇಟ್ಟಿದ್ದಾರಂತೆ. ಘೋಣಸಗಿಯ ಮೇಳ ಒಂದು ಕಡೆ, ಕಾಖಂಡಕಿಯ ಅಮೋಘಿಯ ಮೇಳ ಇನ್ನೊಂದು ಕಡೆ. ಹಿರಿಯರು ಕೊಟ್ಟ ವಿಷಯ ಲಂಕೆಯ ಯುದ್ಧ. ಆ ಗೆಲುವಿನಲ್ಲಿ ವಿಭೀಷಣನ ಪಾಲು ಎಷ್ಟು? ನಮ್ಮವರಿಗೆ ರಾಮನ ಬಾಜು ಬಂದಿದೆ. ವಿಭೀಷಣ ಇರಲಿ ಬಿಡಲಿ, ಗೆದ್ದದ್ದು ರಾಮನ ಬಾಣ ಎಂದು ಅಣ್ಣ ಹಾಡಬೇಕು. ಅರ್ಧ ಗೆಲುವು ವಿಭೀಷಣನದು ಎಂದು ಕಾಖಂಡಕಿಯವರು ಹಾಡಬೇಕು.

ಪದ ಶುರು ಮಾಡಿದೆಯಾ ಎಂದು ಗೈಬುಸಾಬ ಕೇಳಿದ. ಹೂಂ ಎಂದೆ. ಯಾಕೆ ಹಾಗೆ ಎಂದೆನೋ ಗೊತ್ತಿಲ್ಲ. ಅಣ್ಣನಿಂದ ಯಾವ ಹೇಳಿಕೆಯೂ ಬಂದಿಲ್ಲ. ಅವನು ಒಂದು ಮಾತು ಕಳಿಸಲಿ, ಆಗ ನೋಡೋಣ.

೬ ಅಕ್ಟೋಬರ್, ಗುರುವಾರ

ಬಂದಿಲ್ಲ.

ಶಾಲೆಯ ಬಿಡುವಿನಲ್ಲಿ ಹೆಡ್‌ಮಾಸ್ತರ ಅಬ್ದುಲಸಮದರಿಗೂ ಅಂಬಾದಾಸ ಮಾಸ್ತರರಿಗೂ ದೊಡ್ಡ ವಾದ ಬಿತ್ತು. ಜರ್ಮನಿಯ ಯುದ್ಧ ಗೆದ್ದವರು ಯಾರು ಎಂದು. ಅಬ್ದುಲಸಮದರು ರಶಿಯಾ ಎಂದರು, ಸತ್ತ ತಲೆ ಎಣಿಸಿ ಎಂದರು. ಅಂಬಾದಾಸ ಮಾಸ್ತರರು ಪಲ್ಟನ್ನಿನಲ್ಲಿದ್ದು ಬ್ರಹ್ಮದೇಶದ ಕಾಡು ತಿರುಗಿ ಬಂದವರು. ಅಮೇರಿಕಾದವರ ಲಾರಿ, ಬೂಟು, ಡಬ್ಬಿಯ ಊಟ ಇಲ್ಲದಿದ್ದರೆ ರಶಿಯಾದವರು ಬರಿಗಾಲಲ್ಲಿ ಬರ್ಲಿನ್ ಮುಟ್ಟುತ್ತಿದ್ದರೇನು ಎಂದರು. ಹಾಗಾದರೆ ಡಬ್ಬಿ ಕೊಟ್ಟವನು ಗೆದ್ದನೋ, ಉಂಡು ಸತ್ತವನು ಗೆದ್ದನೋ ಎಂದು ಅಬ್ದುಲಸಮದರು. ನಮ್ಮವರು ಇಪ್ಪತ್ತು ಲಕ್ಷ ಮಂದಿ ಹೋಗಿದ್ದರಲ್ಲ, ನಮ್ಮ ಹೆಸರನ್ನು ಯಾವನೂ ತೆಗೆಯುವುದಿಲ್ಲವಲ್ಲ ಎಂದು ಅವರು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ನನ್ನನ್ನು ಕೇಳಿದಾಗ ನಾನು ಲಾರಿ ಕೊಟ್ಟವರ ಕಡೆ ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಮೂರನೆಯ ಇಯತ್ತೆಯ ಹುಡುಗರು ಕಿಟಕಿಗೆ ಬಂದು ನಿಂತರು.

೯ ಅಕ್ಟೋಬರ್, ರವಿವಾರ

ಇಂದು ಮನೆಗೆ ಬಂದವನು ಕಾಖಂಡಕಿಯ ಅಮೋಘಿ. ಹೆಗಲ ಮೇಲೆ ಹಸಿ ಶೇಂಗಾದ ಚೀಲ. ಜಗಲಿಯ ಮೇಲೆ ಕೂತು ಕ್ಷೇಮ ಕೇಳಿದ, ಮಳೆ ಕೇಳಿದ, ಚಹಾ ಕುಡಿದ, ಕಡೆಗೆ ವಿಷಯಕ್ಕೆ ಬಂದ. ತಿಕೋಟಾದಲ್ಲಿ ಕಡೆಯ ಸಾಲು ಹಾಡದೆ ಬಿಟ್ಟದ್ದನ್ನು ಅವನೂ ಗಮನಿಸಿದ್ದಾನೆ. ಆಮೇಲೆ ಹೇಳಿದ:

"ನಮ್ಮ ಬಾಜೂಕ ವಿಭೀಷಣ ಬಂದಾನ್ರಿ ಮಾಸ್ತರ್ರ. ವಿಭೀಷಣನ ಸಂಕಟ ನಿಮ್ಮಷ್ಟ ಬಲ್ಲವ್ರು ಈ ಸೀಮ್ಯಾಗ ಯಾರದಾರ್ರಿ? ನೀವು ಬರದ ಕೊಡ್ರಿ. ನಿಮ್ಮ ಹೆಸರ ನಾ ಎರಡ ಸಲ ಹಾಡತೇನಿ."

ವಿಚಾರ ಮಾಡಿ ಹೇಳುತ್ತೇನೆ ಎಂದೆ. ಅವನು ಓಣಿಯ ತಿರುವಿಗೆ ಹೋಗುವಷ್ಟರಲ್ಲಿ ಮೊದಲ ನುಡಿ ತಲೆಯಲ್ಲಿ ಬಂದಿತ್ತು. ಸಕ್ರವ್ವ ಶೇಂಗಾದ ಚೀಲ ಮುಟ್ಟಲಿಲ್ಲ. "ಉಂಡ ಮನಿ ಜಂತಿ ಎಣಸಬ್ಯಾಡ್ರಿ" ಎಂದಳು. ಉಂಡದ್ದು ನಾನೋ ಅಣ್ಣನೋ ಎಂದು ಕೇಳಿದೆ.

೧೩ ಅಕ್ಟೋಬರ್, ಗುರುವಾರ

ಇಷ್ಟು ಸಲೀಸಾಗಿ ಎಂದೂ ಬರೆದಿಲ್ಲ. ಶಾಲೆಗೆ ಹೋಗುವಾಗ ಒಂದು ನುಡಿ, ಬರುವಾಗ ಒಂದು ನುಡಿ. ಇಂದು ರೈಲು ಹಳಿ ದಾಟುವಾಗ ಬಾಯಲ್ಲಿ ಪದ ಗುನುಗುತ್ತ ನಿಂತುಬಿಟ್ಟಿದ್ದೆ, ಗೇಟಿನವನು ಬೈದ. ವಿಭೀಷಣ ಬಾರದಿದ್ದರೆ ರಾಮನಿಗೆ ಏನು ಗೊತ್ತಿತ್ತು? ಇಂದ್ರಜಿತ ಎಲ್ಲಿ ಕೂತು ಯಜ್ಞ ಮಾಡುತ್ತಾನೆ ಎಂದು ಹೇಳಿದವನು ಯಾರು? ರಾವಣನ ಹತ್ತು ತಲೆ ಕಡಿದರೂ ಹತ್ತು ಬರುತ್ತಿದ್ದಾಗ, ಹೊಕ್ಕುಳಲ್ಲಿ ಅಮೃತ ಇದೆ, ಅಲ್ಲಿಗೆ ಹೊಡೆ ಎಂದವನು ಯಾರು?

ಬಾಣ ಬಿಟ್ಟವನ ಹೆಸರ ಹಾಡತಿರಿ ಊರಾಗ
ಗುರಿಯ ತೋರಿದ ಬೆರಳ ಮರತಿರಿ ಯಾಕ ಈಗ

ಓದಿ ಹೇಳಿದರೆ ಸಕ್ರವ್ವ, ಚೆನ್ನಾಗಿದೆ, ಅಣ್ಣನ ದನಿಯಲ್ಲಿ ಕೇಳಬೇಕಿತ್ತು ಎಂದಳು. ಬೇಕೆಂದೇ ಹೇಳಿದ್ದು.

೧೬ ಅಕ್ಟೋಬರ್, ರವಿವಾರ

ಅಮೋಘಿ ಮತ್ತೆ ಬಂದ. ದನಿ ಅಣ್ಣನಷ್ಟು ಇಲ್ಲ, ಆದರೆ ನೆನಪು ಗಟ್ಟಿ. ಮೂರು ಸಲಕ್ಕೆ ಎಲ್ಲ ಬಾಯಿಗೆ ಹತ್ತಿತು. ಊಟದ ಹೊತ್ತಿಗೆ ಹಾಗೇ ಮಾತಿಗೆ ಮಾತು ಬಂತು. ಮಲಕಾಜಪ್ಪ ಈಚೆಗೆ ಯಾವ ಧಾಟಿ ಹೆಚ್ಚು ಹಾಡುತ್ತಾನೆ, ಯಾವುದನ್ನು ಬಿಡುತ್ತಾನೆ ಎಂದು ಕೇಳಿದ. ಉದ್ದ ಏರು ಈ ವರ್ಷ ಯಾಕೋ ಹಾಡಿಲ್ಲ, ಗಿಡ್ಡದ್ದನ್ನೇ ಬರಿ ಬರಿ ಎನ್ನುತ್ತಿದ್ದ ಎಂದೆ. ಏರು ಎಂದರೆ ಒಂದೇ ಉಸಿರಿನಲ್ಲಿ ಮೇಲಕ್ಕೆ ಹತ್ತಿಸಿಕೊಂಡು ಹೋಗುವ ಭಾಗ, ಹಿಂದೆ ಅಣ್ಣನಿಗೆ ಅದೇ ಹೆಸರು ತಂದದ್ದು. ಅಮೋಘಿ ರೊಟ್ಟಿ ಮುರಿಯುವುದು ನಿಲ್ಲಿಸಿದ. ಸವಾಲಿನಲ್ಲಿ ಎರಡುಪಟ್ಟು ಉದ್ದದ ಏರು ಹಾಕಿಕೊಡಿ ಎಂದ. ಜಿದ್ದಿನ ಹಾಡಿಕೆಯಲ್ಲಿ ಸವಾಲು ಯಾವ ಧಾಟಿಯೋ ಜವಾಬೂ ಅದೇ ಧಾಟಿಯಲ್ಲಿ ಬರಬೇಕು. ನನಗೂ ಉದ್ದ ಏರು ಕಟ್ಟುವುದೆಂದರೆ ಖುಷಿ. ಸಂಜೆಯೊಳಗೆ ಮುಗಿಸಿ ಕೊಟ್ಟೆ.

೨೧ ಅಕ್ಟೋಬರ್, ಶುಕ್ರವಾರ

ದೀಪಾವಳಿ ಪಾಡ್ಯ. ಊರಿಗೆ ಹೋಗಲಿಲ್ಲ. ಸಕ್ರವ್ವ ಬೆಳಗಿನಿಂದ ಮುಖ ಊದಿಸಿಕೊಂಡಿದ್ದಾಳೆ. ಅತ್ತಿಗೆ ತಿಕೋಟಾದ ಬಸ್ಸಿನವನ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸಿದ್ದಳು. ತಿಂದೆ. ಹೋಳಿಗೆಯದು ಏನು ತಪ್ಪು?

೬ ನವೆಂಬರ್, ರವಿವಾರ

ಅಣ್ಣನಿಗೆ ಪದ ಬರೆಯುತ್ತಿರುವವರು ಯಾರು? ಊರಿಗೆ ಹತ್ತು ಮಂದಿ ಸಿಗುತ್ತಾರಂತಲ್ಲ. ತಿಕೋಟಾದಿಂದ ಬಂದವರನ್ನೆಲ್ಲ ಸುತ್ತಿ ಬಳಸಿ ಕೇಳಿದೆ. ಯಾರೂ ಇಲ್ಲವಂತೆ. ಕುರಿ ಹಿಂದೆ ಹೋದವನು ಒಬ್ಬನೇ ಏನೋ ಗೊಣಗುತ್ತಿರುತ್ತಾನಂತೆ, ಮೇಳದವರಿಗೂ ಕೇಳಿಸುವುದಿಲ್ಲವಂತೆ. ನಾನು ಕಾಖಂಡಕಿಗೆ ಬರೆದದ್ದು ಅವನಿಗೆ ತಿಳಿದಿದೆಯಂತೆ. ಏನಂದ ಎಂದು ಕೇಳಿದೆ. ಏನೂ ಅನ್ನಲಿಲ್ಲವಂತೆ.

ಏನಾದರೂ ಅನ್ನಬೇಕಿತ್ತು. ಬೈಯಬೇಕಿತ್ತು. ಈ ವಾರ ಎರಡು ಸಲ ಹುಡುಗರಿಗೆ ಕಾರಣವಿಲ್ಲದೆ ಹೊಡೆದೆ. ಉಂಡದ್ದು ಮೈಗೆ ಹತ್ತುತ್ತಿಲ್ಲ.

೧೫ ನವೆಂಬರ್, ಮಂಗಳವಾರ

ಶಾಲೆ ಬಿಟ್ಟು ಬಂದಾಗ ಅತ್ತಿಗೆ ಒಳಗೆ ಕೂತಿದ್ದಳು, ಒಬ್ಬಳೇ. ಸಕ್ರವ್ವನ ಕಣ್ಣು ಕೆಂಪಾಗಿದ್ದವು. ಅಣ್ಣನನ್ನು ದವಾಖಾನೆಗೆ ತೋರಿಸಲು ಕರೆತಂದಿದ್ದಾಳೆ. ಹೋದ ಬೇಸಿಗೆಯಿಂದ ಅವನಿಗೆ ದಮ್ಮು. ನಾಲ್ಕು ಮಾರು ನಡೆದರೆ ನಿಲ್ಲುತ್ತಾನೆ, ಮಲಗಿದರೆ ಎದೆ ಕುಂಯ್ಗುಡುತ್ತದೆ. ಹಾಡಿಕೆ ಬಿಡಬೇಕು ಎಂದು ಡಾಕ್ಟರು ಇಂದು ಮುಖಕ್ಕೆ ಹೇಳಿದ್ದಾರೆ. ಮೇಳದವರಿಗೆ ಯಾರಿಗೂ ಹೇಳಿಲ್ಲ, ಹೇಳಿದರೆ ಸತ್ತುಹೋಗುತ್ತೇನೆ ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದನಂತೆ.

ತಿಕೋಟಾದಲ್ಲಿ ಎಂದು ನಾನು ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ.

"ಉಸರ ಹತ್ತಲಿಲ್ಲೋ ಶಂಕ್ರೆಪ್ಪಾ. ನಿನ್ನ ಹೆಸರ ಕಡೀಗಿ ಬರತೈತಿ. ಅಲ್ಲೀಮಟಾ ಉಸರ ಉಳೀಲಿಲ್ಲ. ಮರತೇನಿ ಅಂದ, ಸೊಕ್ಕಿನವ ಅನಿಸಿಕೊಂಡ. ಎದೀ ಹೋಗೇತಿ ಅನ್ನಾಕ ಬಾಯಿ ಬರಲಿಲ್ಲ ಅವಗ."

ಅವನೆಲ್ಲಿ ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾನೆ, ನಿನ್ನ ಮನೆಗೆ ಬರುವುದಿಲ್ಲ ಎಂದ ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಚಹಾದಂಗಡಿಯ ಮಗ್ಗುಲಲ್ಲಿ ಕಂಬಳಿ ಹೊದ್ದು, ಎರಡೂ ಕೈ ಮೊಣಕಾಲಿಗೆ ಊರಿ ಬಾಗಿ ಕೂತಿದ್ದ. ಕುರಿಯ ಬೆನ್ನಿನ ಮೇಲೆ ಕೈಯೂರಿ ಕೂತಿದ್ದನಲ್ಲ, ಹಾಗೇ. ಹೆಗಲು ಏರುವುದು ಇಳಿಯುವುದು ದೂರದಿಂದಲೇ ಕಾಣುತ್ತಿತ್ತು. ನಾನು ಟಿಕೇಟಿನ ಕಿಟಕಿಯ ಆಚೆ ನಿಂತೆ. ತಿಕೋಟಾದ ಬಸ್ಸು ಬಂತು, ಅತ್ತಿಗೆ ಬಂದಳು, ಅವನನ್ನು ಹಿಡಿದು ಹತ್ತಿಸಿದಳು. ಬಸ್ಸು ಹೋಯಿತು. ನಾನು ಹತ್ತಿರ ಹೋಗಲಿಲ್ಲ. ಯಾಕೆ ಹೋಗಲಿಲ್ಲ?

೧೭ ನವೆಂಬರ್, ಗುರುವಾರ

ರಜೆ ಚೀಟಿ ಕೊಟ್ಟು ಕಾಖಂಡಕಿಗೆ ಹೋದೆ. ಸವಾಲಿನ ಆ ಏರು ತೆಗೆದುಬಿಡು, ಗಿಡ್ಡದ್ದು ಬರೆದು ತಂದಿದ್ದೇನೆ ಎಂದು ಅಮೋಘಿಗೆ ಹೇಳಿದೆ. ಯಾಕೆ ಎಂದ. ಯಾಕೆ ಎಂದು ನಾನು ಹೇಗೆ ಹೇಳಲಿ? ಹೇಳಿದರೆ ಅಣ್ಣನ ಗುಟ್ಟು ಬಯಲಾಗುತ್ತದೆ. ಪದ ಸರಿ ಕೂತಿಲ್ಲ ಎಂದೆ. ಅಮೋಘಿ ನಕ್ಕ. ಕೆಟ್ಟವನೇನಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದ. ಒಂದು ತಿಂಗಳು ಮೇಳದವರೆಲ್ಲ ಸೇರಿ ಕಲಿತಿದ್ದಾರೆ, ಮೂರು ದಿನ ಇರುವಾಗ ಬಿಡಲಾಗದು ಎಂದ. ಅಣ್ಣ ಉದ್ದ ಏರು ಹಾಡುತ್ತಿಲ್ಲ ಎಂದವರು ನೀವೇ ಎಂದ.

ನಾನು ಯಾವಾಗ ಹೇಳಿದೆ ಎಂದು ಜಗಳಕ್ಕೆ ನಿಂತೆ. ಊಟದ ಹೊತ್ತಿಗೆ ಹೇಳಿದ್ದೆನಂತೆ. ಮನೆಗೆ ಬಂದು ಹಿಂದಿನ ಪುಟ ತಿರುವಿ ನೋಡಿದರೆ ನನ್ನ ಕೈಬರಹವೇ ಇದೆ.

ಬಸ್ಸಿಗೆ ಬಿಡಲು ಬಂದ ಅಮೋಘಿ ಕಡೆಗೆ ಅಂದ:

"ಸಮುದ್ರ ದಾಟಿ ಬಂದ ಮ್ಯಾಲ ವಿಭೀಷಣ ಹೊಳ್ಳಿ ಹೋಗಲಿಲ್ರಿ ಮಾಸ್ತರ್ರ. ನೀವ ಬರದದ್ದು."

೨೧ ನವೆಂಬರ್, ಸೋಮವಾರ

ನಿನ್ನೆಯದನ್ನು ಕ್ರಮವಾಗಿ ಬರೆಯಬೇಕು.

ಬಬಲೇಶ್ವರದಲ್ಲಿ ಗುಡಿಯ ಮುಂದಿನ ಬಯಲು. ಬೆಳಗ್ಗೆ ಒಂಬತ್ತಕ್ಕೇ ಜನ ಕಿಕ್ಕಿರಿದಿತ್ತು. ಪಂಚರಾಗಿ ಗೈಬುಸಾಬ ಮತ್ತು ಮಠದ ಗುರುಪಾದಯ್ಯನವರು ಕಂಬಳಿಯ ಮೇಲೆ ಕೂತಿದ್ದರು. ಕವಿ ತನ್ನ ಮೇಳದ ಜೊತೆ ಕೂರಬೇಕು. ಹಾಗಾಗಿ ನಾನು ಕಾಖಂಡಕಿಯವರ ಜೊತೆ, ಅಣ್ಣನ ಎದುರಿಗೆ. ಅವನು ನನ್ನ ಕಡೆ ನೋಡಿದ. ಹಣೆಯ ಭಂಡಾರ ಬೆವರಿಗೆ ಇಳಿದಿತ್ತು. ಮೊದಲಿನ ಎರಡು ಸುತ್ತು ಸರಳವಾಗಿ ಹೋದವು. ಊಟ ಆದ ಮೇಲೆ ಅಮೋಘಿ ಸವಾಲು ಎತ್ತಿದ.

ಸುಳ್ಳು ಹೇಳುವುದಿಲ್ಲ, ಪದ ಬಹಳ ಚೆನ್ನಾಗಿತ್ತು. ಗುರಿಯ ತೋರಿದ ಬೆರಳು ಎಂಬಲ್ಲಿ ಮುದುಕರು ತಲೆದೂಗಿದರು. ಆ ಏರು ಬಂದಾಗ ಜನ ತಾವೂ ಉಸಿರು ಹಿಡಿದು ಕೂತರು. ಕಡೆಯ ನುಡಿಯಲ್ಲಿ ಅಮೋಘಿ ಮಾತು ಉಳಿಸಿಕೊಂಡ, ಕ‌ವಿ ಶಂಕರೆಪ್ಪ ಎಂದು ಎರಡು ಸಲ ಹಾಡಿದ. ಜನ ತಿರುಗಿ ನೋಡಿದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕಾಲ ಹತ್ತಿರ ಇರುವೆಯೊಂದು ಹೋಗುತ್ತಿತ್ತು, ಅದನ್ನು ನೋಡಿದೆ.

ಅಣ್ಣ ಎದ್ದ. ನಿಧಾನವಾಗಿ ಎದ್ದ. ಡೊಳ್ಳಿನ ಮೇಲೆ ಒಂದು ಕೈಯಿಟ್ಟುಕೊಂಡು ನಿಂತ. ಅವನು ರಾಮನ ಕಡೆಯಿಂದ ಹಾಡಬೇಕು, ಬಾಣದ ಬಲ ಹೇಳಬೇಕು, ಎಲ್ಲರೂ ಅದನ್ನೇ ಕಾಯುತ್ತಿದ್ದರು. ಅವನು ರಾವಣನಾಗಿ ಹಾಡಿದ. ಹೊಕ್ಕುಳಿಗೆ ಬಾಣ ತಾಗಿ ಬಿದ್ದಿರುವ ರಾವಣ, ಹತ್ತಿರ ಬಂದ ತಮ್ಮನಿಗೆ ಹೇಳುತ್ತಾನೆ:

ಗೆದ್ದ ಪಾಲ ಬೇಡಾಕ ಬಂದಿ ಬಾರೋ ತಮ್ಮಾ
ಅರ್ಧ ಯಾಕೋ, ಎಲ್ಲಾ ತಗೋ, ನಿಂದ ಐತಿ ತಮ್ಮಾ
ಅಣ್ಣನ ತಲಿ ತೊಡಿಮ್ಯಾಲಿಟ್ಟು ಅಳೂದೈತಿ ಒಂದ ಪಾಲ
ಆ ಪಾಲ ಹಂಚಾಕ ಲಂಕಾದಾಗ ಯಾರದಾರೋ ತಮ್ಮಾ

ಇದು ನಾನು ಬರೆದದ್ದಲ್ಲ. ಯಾರೂ ಬರೆದದ್ದಲ್ಲ. ಕುರಿಗಳ ಹಿಂದೆ ಗೊಣಗುತ್ತಿದ್ದದ್ದು ಇದೇ. ಹತ್ತು ವರ್ಷ ನಾನು ಓದಿ ಹೇಳಿದ್ದನ್ನೇ ಹಾಡಿದವನು ತಾನೇ ಕಟ್ಟಿಕೊಂಡು ಬಂದಿದ್ದ. ಬಯಲಿನಲ್ಲಿ ಒಂದು ಕೂಸೂ ಅಳಲಿಲ್ಲ. ನನಗೆ ಅಳು ಬಂತು, ಕಾಖಂಡಕಿಯವರ ನಡುವೆ ಕೂತು ಅತ್ತೆ.

ಆಮೇಲೆ ಏರು ಬಂತು, ನಾನು ಕಟ್ಟಿದ ಎರಡುಪಟ್ಟು ಉದ್ದದ ಏರು. ಅವನು ಹತ್ತಿದ. ಅರ್ಧ ದಾರಿಗೆ ಕುತ್ತಿಗೆಯ ನರ ಎದ್ದವು. ಹೇಗೋ ಮುಗಿಸಿದ. ಡೊಳ್ಳು ಬಾರಿಸುವವರು ಒಂದು ಸುತ್ತು ಹೆಚ್ಚಿಗೆ ಬಾರಿಸಿ ಅವನಿಗೆ ಸಮಯ ಕೊಟ್ಟರು. ಅವರಿಗೂ ತಿಳಿದಿತ್ತೋ ಏನೋ. ಕಡೆಯ ನುಡಿ ಎತ್ತಿದ. ಊರು ಘೋಣಸಗಿ ಎಂದ, ದೇವರ ಹೆಸರು ಹೇಳಿದ, ಗುರುವಿನ ಹೆಸರು, ಡೊಳ್ಳಿನವರ ಹೆಸರು. ಹಾಡಿದವ ಮಲಕಾಜಪ್ಪ ಎಂದ. ಆಮೇಲೆ "ಕವಿ" ಎಂದ, ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಡೊಳ್ಳಿನ ಸುತ್ತು ತಿರುಗಿ ಬರುವುದರೊಳಗೆ ಸಾಲು ಮುಗಿಯದಿದ್ದರೆ ಜವಾಬು ಬಿದ್ದಂತೆ.

ನಾನು ಎದ್ದದ್ದು ನನಗೆ ನೆನಪಿಲ್ಲ. ನಡುವಿನ ಜಾಗ ದಾಟಿ ಅವನ ಮಗ್ಗುಲಿಗೆ ಹೋಗಿ ನಿಂತಿದ್ದೆ. ಹುಟ್ಟಿನಿಂದ ನನಗೆ ದನಿ ಇಲ್ಲ. ಇದ್ದ ದನಿಯಲ್ಲಿ ಕೂಗಿದೆ:

"ಕವಿ ಮಲಕಾಜಪ್ಪನ ಮಾತು ಮುತ್ತಿನ ಹಾರ."

ಡೊಳ್ಳಿನ ಪೆಟ್ಟು ಬಿತ್ತು. ಜನ ಹೋ ಎಂದಿತು. ಅಣ್ಣ ನನ್ನ ಹೆಗಲ ಮೇಲೆ ಕೈ ಊರಿ ಬಾಗಿ ನಿಂತ, ಅವನ ಭಾರವೆಲ್ಲ ನನ್ನ ಮೇಲಿತ್ತು.

ಆಮೇಲಿನದು ದೊಡ್ಡ ಪೇಚಾಟ. ಜವಾಬು ಮುಗಿಸಿದವನು ನಮ್ಮ ಕವಿ, ಗೆಲುವು ನಮ್ಮದು ಎಂದು ಅಮೋಘಿ. ಪದವೆಲ್ಲ ನಮ್ಮದು, ಒಂದು ಸಾಲಿಗೆ ಗೆಲುವು ಹೋಗುತ್ತದೆಯೇ ಎಂದು ಘೋಣಸಗಿಯವರು. ಆ ಒಂದು ಸಾಲು ಇಲ್ಲದಿದ್ದರೆ ಎಲ್ಲ ಬಿದ್ದುಹೋಗುತ್ತಿತ್ತಲ್ಲ ಎಂದು ಕಾಖಂಡಕಿಯವರು. ಒಂದು ಸಾಲಿನ ಪಾಲು ಎಷ್ಟು ಎಂದು ಹೊತ್ತು ಇಳಿಯುವ ತನಕ ವಾದ ನಡೆಯಿತು. ಗೈಬುಸಾಬ ಎರಡೂ ಕಡೆಗೆ ಎಲೆ ಹಂಚುತ್ತ ಮಜಾ ನೋಡಿದ. ಕಡೆಗೆ ಗುರುಪಾದಯ್ಯನವರು ರುಮಾಲು ಅಮೋಘಿಗೆ, ಭಂಡಾರ ಮಲಕಾಜಪ್ಪನಿಗೆ ಎಂದು ತೀರಿಸಿದರು. ಯಾರಿಗೂ ಸಮಾಧಾನ ಆಗಲಿಲ್ಲ.

ಚಕ್ಕಡಿ ಹೂಡುವಾಗ ಅಣ್ಣ ಬೇವಿನ ಮರಕ್ಕೆ ಒರಗಿ ಕೂತಿದ್ದ. ನಾನು ನೀರು ತಂದುಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು ಮಾತಾಡಿದ.

"ನಿನ್ನ ದನಿ ಭಾಳ ಕೆಟ್ಟ ಐತಿ."

ಹೌದು ಎಂದೆ.

"ಹೆಸರ ತಪ್ಪ ಹಾಡಿದಿ. ಅಲ್ಲಿ ನಿನ್ನ ಹೆಸರ ಇಟ್ಟಿದ್ದೆ."

ಪದ ಕಟ್ಟಿದವನು ನೀನಲ್ಲವೇ ಎಂದು ಕೇಳಿದೆ.

"ನಾ ಎಲ್ಲಿ ಕಲತೇನಿ? ಹತ್ತ ವರ್ಷ ನೀ ಓದಿ ಹೇಳಿದ್ದ ಕೇಳಿ ಕೇಳಿ ಬಂತು. ತಿಕೋಟಾದಾಗೂ ಇಟ್ಟಿದ್ದೆ. ಮುಟ್ಟಲಿಲ್ಲ."

ಏರು ಬರೆದವನು ನಾನೇ ಎಂದು ಅವನಿಗೆ ಗೊತ್ತು, ಹೇಳಿ ಏನು ಮಾಡಲಿ? ಅವನನ್ನು ಎತ್ತಿ ಚಕ್ಕಡಿಯಲ್ಲಿ ಕೂರಿಸಿ, ಡೊಳ್ಳಿಗೆ ಒರಗಲು ಕಂಬಳಿ ಮಡಚಿ ಇಟ್ಟು, ಕಡೆಯ ಬಸ್ಸಿಗೆ ಬಂದೆ. ರುಮಾಲು ಅವರಿಗೆ, ಭಂಡಾರ ಇವರಿಗೆ, ನಿಮಗೇನು ಕೊಟ್ಟರು ಎಂದು ಸಕ್ರವ್ವ ಕೇಳಿದಳು. ಆಗ ನೆನಪಾಯಿತು, ನನಗೆ ಏನೂ ಕೊಟ್ಟಿಲ್ಲ. ಅವಳಿಗೆ ಹೇಳಲು ಬೇರೆ ಬಹಳ ಇತ್ತು.

೪ ಡಿಸೆಂಬರ್, ರವಿವಾರ

ಈ ವಾರ ಅಣ್ಣನನ್ನು ದವಾಖಾನೆಗೆ ಕರೆದೊಯ್ದೆ. ನಮ್ಮ ಮನೆಯಲ್ಲೇ ಉಳಿದಿದ್ದಾನೆ. ರೈಲು ಹೋದಾಗಲೆಲ್ಲ ಬೆಚ್ಚಿ ಕೂತು, ಇದರ ಉಸಿರು ನೋಡು ಎನ್ನುತ್ತಾನೆ.

೧೮ ಡಿಸೆಂಬರ್, ರವಿವಾರ

ಎಳ್ಳಮಾವಾಸ್ಯೆ. ಬೆಳಗಿನ ಬಸ್ಸಿಗೆ ಘೋಣಸಗಿಗೆ ಹೋದೆವು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿಯ ಗಿಡದ ಕೆಳಗೆ ಎಲ್ಲರೂ ಕೂತು ಸಜ್ಜೆ ರೊಟ್ಟಿ, ಬದನೆಕಾಯಿ, ಕಡುಬು ಉಂಡೆವು. ಅಣ್ಣ ಔಷಧದಿಂದ ಸ್ವಲ್ಪ ಸುಧಾರಿಸಿದ್ದಾನೆ. ದೊಡ್ಡ ಹಾಡಿಕೆ ಇನ್ನಿಲ್ಲ, ಊರ ಗುಡಿಯಲ್ಲಿ ಸಣ್ಣ ಪದ ಒಂದೆರಡು ಹಾಡಬಹುದು. ಅದಕ್ಕೆಂದು ಒಂದು ಪದ ಬರೆದುಕೊಂಡು ಹೋಗಿದ್ದೆ. ಸಾಲು ಗಿಡ್ಡ, ಎರಡು ಸಾಲಿಗೊಮ್ಮೆ ಹಿಂದಿನವರು ಎತ್ತಿಕೊಳ್ಳುತ್ತಾರೆ, ಏರು ಇಲ್ಲವೇ ಇಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಲ್ಲೇ ನಾನೇ ಉಸಿರು ತೆಗೆದುಕೊಂಡು ನೋಡಿ ಬರೆದದ್ದು. ಬರೆಯಲು ಮೂರು ವಾರ ಹಿಡಿಯಿತು.

ಓದಿ ಹೇಳಿದೆ. ಅಣ್ಣ ಕಣ್ಣು ಮುಚ್ಚಿ ಕೇಳಿದ. ಕಡೆಯ ನುಡಿಯಲ್ಲಿ ಊರು, ದೇವರು, ಗುರು, ಡೊಳ್ಳಿನವರು, ಹಾಡಿದವನು ಎಲ್ಲ ಬಂದರು. ಮುಗಿಯಿತು ಎಂದು ಹಾಳೆ ಮಡಚಿದೆ. ಅವನು ಕಣ್ಣು ತೆರೆದ. ಕವಿ ಎಲ್ಲಿ ಎಂದ.

ಹಾಳೆ ಬಿಚ್ಚಿ ನೋಡಿದೆ, ಇರಲಿಲ್ಲ. ನಿಜವಾಗಿ ಮರೆತಿದ್ದೆ. ಮರೆತೆ ಎಂದರೆ ಸಕ್ರವ್ವ ನಂಬಲಿಲ್ಲ, ಅತ್ತಿಗೆ ನಗುತ್ತ ಮಜ್ಜಿಗೆ ಸುರಿದಳು. ಕಡೆಯಲ್ಲಿ ಒಂದು ಸಾಲು ಸೇರಿಸುತ್ತೇನೆ ಎಂದು ಪೆನ್ಸಿಲು ತೆಗೆದೆ. ಅಣ್ಣ ಕೈ ಹಿಡಿದು ನಿಲ್ಲಿಸಿದ.

"ಕಡೀಗಿ ಬ್ಯಾಡೋ ತಮ್ಮಾ. ಮೊದಲನೇ ಸಾಲಿನ್ಯಾಗ ಹಾಕು. ಅಲ್ಲಿ ಉಸರ ಇರತೈತಿ."